ನೊರೆ ಬಂತು, ಕಲೆ ಹೋಗಲಿಲ್ಲ: ಕೆಟಲ್, ಮಿಕ್ಸಿ, ವಾಷಿಂಗ್ ಮೆಷಿನ್ ಕಲೆಗೆ ಯಾವುದು ಮದ್ದು?

ಪ್ರಶ್ನೆ: ನಮ್ಮದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್. ಬೋರ್‌ವೆಲ್ ಇಲ್ಲವೇ ಟ್ಯಾಂಕರ್ ನೀರೇ ಗತಿ. ಎಲೆಕ್ಟ್ರಿಕ್ ಕೆಟಲ್ ತಳದಲ್ಲಿ ಬಿಳಿ ಪದರ ಗಟ್ಟಿಯಾಗಿ ಕೂತಿದೆ. ಬಿಳಿ ಮಿಕ್ಸಿಯ ಮೇಲೆ ಅರಿಶಿನದ ಕಲೆ. ಪಾತ್ರೆ ಸೋಪು ಹಾಕಿ ಉಜ್ಜಿದರೆ ಕೆಂಪಗಾಯಿತು. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಬಾಗಿಲಿನ ರಬ್ಬರಿನಲ್ಲಿ ಕಪ್ಪು ಚುಕ್ಕೆಗಳಿವೆ. ಗ್ಯಾಸ್ ಒಲೆಯ ಗಾಜಿನ ಮೇಲೆ ಸುಟ್ಟ ಹಾಲಿನ ಉಂಗುರ. ಎಲ್ಲದಕ್ಕೂ ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಹಚ್ಚಿದೆ. ಚೆನ್ನಾಗಿ ನೊರೆ ಬಂತು, ಕಲೆ ಮಾತ್ರ ಹಾಗೇ ಇದೆ. ಬಾತ್‌ರೂಮ್ ಆಸಿಡ್ ಸ್ವಲ್ಪ ಹಾಕಿ ನೋಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಾತ್‌ರೂಮ್ ಆಸಿಡ್ ಬೇಡ, ಒಂದು ಹನಿಯೂ ಬೇಡ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವ ತೆಳು ಪದರವನ್ನು ಅದರ ಕ್ಲೋರೈಡ್ ತೂತು ಮಾಡುತ್ತದೆ. ಬಿಳಿ ಪದರವೇನೋ ಎರಡೇ ನಿಮಿಷದಲ್ಲಿ ಹೋಗುತ್ತದೆ, ಆದರೆ ಅದರ ಜಾಗದಲ್ಲಿ ಸೂಜಿಮೊನೆಯಷ್ಟು ಕಪ್ಪು ಗುಳಿಗಳು ಬೀಳುತ್ತವೆ. ಅವುಗಳನ್ನು ಯಾವುದರಿಂದಲೂ ತೆಗೆಯಲಾಗದು. ಬಾಟಲಿ ತೆರೆದಾಗ ಏಳುವ ಹೊಗೆಯೇ ಪಕ್ಕದ ಸ್ಟೀಲ್ ಸಿಂಕ್, ನಲ್ಲಿಗಳನ್ನು ಮಂಕಾಗಿಸಬಲ್ಲದು. ಮೇಲಾಗಿ ಕೆಟಲ್ ನೀವು ಕುಡಿಯುವ ನೀರಿನ ಪಾತ್ರೆ.

ಇನ್ನು ಆ ನೊರೆ. ವಿನೆಗರ್ ಆಮ್ಲ, ಸೋಡಾ ಕ್ಷಾರ. ಎರಡನ್ನೂ ಬೆರೆಸಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಅಡುಗೆ ಸೋಡಾ, 90 ಮಿಲಿಯಷ್ಟು ವಿನೆಗರನ್ನು ಪೂರ್ತಿ ನಿಷ್ಪ್ರಯೋಜಕ ಮಾಡುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಕಟ್ಟಿಕೊಂಡ ಸಿಂಕ್ ಕೊಳವೆಯಲ್ಲಿ ಗುಳ್ಳೆಗಳ ತಳ್ಳಾಟಕ್ಕೆ ಸ್ವಲ್ಪ ಬೆಲೆ ಇರಬಹುದು. ಕಲೆಯ ಮೇಲೆ ಆಮ್ಲ ಬೇಕಾದರೆ ಆಮ್ಲ ಒಂದನ್ನೇ ಹಾಕಿ, ಕ್ಷಾರ ಬೇಕಾದರೆ ಕ್ಷಾರ ಒಂದನ್ನೇ.

ನಿಮ್ಮ ಮನೆಯ ನಾಲ್ಕು ಕಲೆಗಳು ನಾಲ್ಕು ಬೇರೆ ಬೇರೆ ಜಾತಿಯವು. ಕೆಟಲ್‌ನದು ನೀರಿನ ಸುಣ್ಣ, ಆಮ್ಲಕ್ಕೆ ಕರಗುತ್ತದೆ. ಮಿಕ್ಸಿಯದು ಬಣ್ಣ, ಅದಕ್ಕೆ ಎಣ್ಣೆ, ಬೆಳಕು, ಪೆರಾಕ್ಸೈಡ್. ರಬ್ಬರಿನದು ಬೂಷ್ಟು, ಅದನ್ನು ಕೊಲ್ಲಬೇಕು. ಒಲೆಯದು ಸುಟ್ಟ ಹಾಲು ಮತ್ತು ಜಿಡ್ಡು, ಅದಕ್ಕೆ ಕ್ಷಾರ ಮತ್ತು ತಾಳ್ಮೆ. ಒಂದೇ ಬಾಟಲಿಯಿಂದ ನಾಲ್ಕನ್ನೂ ತೆಗೆಯುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ.

ಕೆಟಲ್‌ನ ಬಿಳಿ ಪದರ

ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿಗೆ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ತಳಕ್ಕೆ ಕೂರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 600ರವರೆಗೂ ಒಪ್ಪುತ್ತದೆ. ನಿಮ್ಮ ನೀರು 400ರಷ್ಟಿದೆ ಎಂದುಕೊಳ್ಳಿ. ದಿನಕ್ಕೆ ಮೂರು ಲೀಟರ್ ಕಾಯಿಸಿದರೆ, ಅದರ ಗಡಸುತನದಲ್ಲಿ ಅರ್ಧ ಮಾತ್ರ ತಳಕ್ಕೆ ಅಂಟಿದರೂ, ತಿಂಗಳಿಗೆ 18 ಗ್ರಾಂ ಸುಣ್ಣ. ಇದನ್ನು ಕರಗಿಸಲು 4 ಶೇಕಡಾದ ವಿನೆಗರ್ ಅರ್ಧ ಲೀಟರಿಗಿಂತ ಹೆಚ್ಚು ಬೇಕು. ಎರಡು ಮುಚ್ಚಳ ವಿನೆಗರ್ ಹಾಕಿ ‘ಏನೂ ಆಗಲಿಲ್ಲ’ ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ. ಅದೇ ಕೆಲಸಕ್ಕೆ ನಿಂಬೆ ಉಪ್ಪು 25 ಗ್ರಾಂ ಸಾಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಥವಾ ಸಿಟ್ರಿಕ್ ಆಸಿಡ್ ಎಂದರೆ ಸಕ್ಕರೆಯಂಥ ಹರಳು ಕೊಡುತ್ತಾರೆ. ಅಗ್ಗ, ವಾಸನೆಯೂ ಇಲ್ಲ.

ಕೆಟಲ್‌ಗೆ ಒಂದು ಲೀಟರ್ ನೀರು ಹಾಕಿ ಸ್ವಿಚ್ ಒತ್ತಿ. ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿದ ಕೂಡಲೇ, ಕುದಿಯುವ ಮುಂಚೆಯೇ ಆರಿಸಿ, ಪ್ಲಗ್ ತೆಗೆಯಿರಿ. ಈಗ ಎರಡು ದೊಡ್ಡ ಚಮಚ, ಅಂದರೆ 25ರಿಂದ 30 ಗ್ರಾಂ ನಿಂಬೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಸ್ವಿಚ್ಚಿನ ಮೇಲೆ ಹರಿಯುತ್ತದೆ. ಮುಚ್ಚಳ ತೆರೆದಿಟ್ಟು ಅರ್ಧ ಗಂಟೆ ಬಿಡಿ. ಚುರುಚುರು ಸದ್ದು ನಿಂತಿದ್ದೂ ಪದರ ಉಳಿದಿದ್ದರೆ ಆಮ್ಲ ಖರ್ಚಾಗಿದೆ ಎಂದರ್ಥ. ಆ ನೀರು ಚೆಲ್ಲಿ ಹೊಸದಾಗಿ ಮಾಡಿ. ಕೊನೆಗೆ ಎರಡು ಸಲ ತೊಳೆದು, ಒಂದು ಕೆಟಲ್ ಬರೀ ನೀರು ಕುದಿಸಿ ಚೆಲ್ಲಿದರೆ ಬಳಸಬಹುದು.

ಇಲ್ಲಿ ಎಲ್ಲರೂ ಮಾಡುವ ತಪ್ಪು, ನಿಂಬೆ ಉಪ್ಪು ಹಾಕಿ ಗಳಗಳ ಕುದಿಸುವುದು. ಹೆಚ್ಚು ಬಿಸಿಯಾದಷ್ಟೂ ಬೇಗ ಕರಗುತ್ತದೆ ಎಂಬ ಲೆಕ್ಕಾಚಾರ. ಆದರೆ ಈ ಕ್ರಿಯೆಯಲ್ಲಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುವ ವಸ್ತು. ಕುದಿಸಿದರೆ ಅದು ಬಿಳಿ ಪುಡಿಯಾಗಿ ಮತ್ತೆ ತಳಕ್ಕೇ ಕೂರುತ್ತದೆ, ಒಂದು ಸುಣ್ಣ ತೆಗೆದು ಇನ್ನೊಂದನ್ನು ಬಳಿದಂತಾಗುತ್ತದೆ. ಬೆಚ್ಚಗಿದ್ದರೆ ಸಾಕು.

ಬಿಳಿ ಹೋದ ಮೇಲೆ ಕಂದು ಮಚ್ಚೆ ಕಂಡರೆ ಅದು ಬೋರ್‌ವೆಲ್ ನೀರಿನ ಕಬ್ಬಿಣ. ಇದೇ ದ್ರಾವಣವನ್ನು ಇನ್ನೊಂದು ಗಂಟೆ ಬಿಟ್ಟರೆ ಅದೂ ಹೋಗುತ್ತದೆ. ಕಬ್ಬಿಣದ ಕಲೆಗೆ ಬ್ಲೀಚ್ ಮಾತ್ರ ಎಂದಿಗೂ ಹಾಕಬೇಡಿ, ಕಲೆ ಇನ್ನಷ್ಟು ಕೆಂಪಾಗಿ ಬೇರೂರುತ್ತದೆ. ನವಿಲುಗರಿಯಂಥ ನೀಲಿ, ನೇರಳೆ ಛಾಯೆ ಕಂಡರೆ ಅದು ಸ್ಟೀಲಿನ ಮೇಲಿನ ತೆಳು ಪೊರೆ, ಹಾನಿಯೇನಿಲ್ಲ, ಬಿಟ್ಟುಬಿಡಿ. ಕೆಟಲ್‌ನಲ್ಲಿ ಹಾಲು ಕಾಯಿಸಿ ತಳ ಹಿಡಿಸಿದ್ದರೆ ಕ್ರಮ ತಿರುಗುಮುರುಗು. ಹಾಲಿಗೆ ಆಮ್ಲ ಬಿದ್ದರೆ ಒಡೆದು ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಮೊದಲು ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ, ಮೆತ್ತಗಾದದ್ದನ್ನು ಸ್ಪಂಜಿನಿಂದ ತೆಗೆದು, ಚೆನ್ನಾಗಿ ತೊಳೆದ ಮೇಲೆ ನಿಂಬೆ ಉಪ್ಪು. ಏನೇ ಮಾಡಿದರೂ ಕೆಟಲ್‌ನ ಹೊರತಳ, ಕನೆಕ್ಟರ್ ಇರುವ ಭಾಗ, ನೀರಿಗೆ ತಾಗಬಾರದು.

ಮಿಕ್ಸಿಯ ಅರಿಶಿನ

ಕಲೆ ಕೆಂಪಾದದ್ದಕ್ಕೆ ಗಾಬರಿ ಬೇಡ. ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿಗೆ ಓಕುಳಿ ಮಾಡುತ್ತೇವಲ್ಲ, ಅದೇ ಕ್ರಿಯೆ ನಿಮ್ಮ ಮಿಕ್ಸಿಯ ಮೇಲೂ ನಡೆದಿದೆ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಪಾತ್ರೆ ಸೋಪಿನ ಬಿಲ್ಲೆಯಲ್ಲಿ ಸೋಡಾ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ಹನಿ ನಿಂಬೆರಸ ಸವರಿ, ಮತ್ತೆ ಹಳದಿಗೆ ತಿರುಗುತ್ತದೆ. ಕಲೆ ಹೋಗಿಲ್ಲ, ಬಣ್ಣ ಬದಲಿಸಿದೆ ಅಷ್ಟೇ. ಆ ಸೋಪಿನ ಬಿಲ್ಲೆ ಮತ್ತು ಹಸಿರು ಸ್ಕ್ರಬ್ಬರ್ ಎರಡನ್ನೂ ಮಿಕ್ಸಿಯ ಮೈಗೆ ಇನ್ನು ತಾಗಿಸಬೇಡಿ. ಎರಡೂ ನುಣುಪು ಪ್ಲಾಸ್ಟಿಕ್ಕನ್ನು ಗೀರುತ್ತವೆ, ಮುಂದಿನ ಸಲ ಅರಿಶಿನ ಆ ಗೀರುಗಳೊಳಗೇ ಸೇರಿಕೊಳ್ಳುತ್ತದೆ.

ಕರ್ಕ್ಯುಮಿನ್ ನೀರಿಗೆ ಜಗ್ಗುವುದಿಲ್ಲ, ಎಣ್ಣೆಯಲ್ಲಿ ಮತ್ತು ಸ್ಪಿರಿಟ್‌ನಲ್ಲಿ ಕರಗುತ್ತದೆ, ಬಿಸಿಲಿಗೆ ಒಡೆಯುತ್ತದೆ. ಚಿಕಿತ್ಸೆಯೂ ಅದೇ ಕ್ರಮದಲ್ಲಿ. ಮೊದಲು ಪ್ಲಗ್ ತೆಗೆಯಿರಿ. ಹತ್ತಿಗೆ ಒಂದೆರಡು ಹನಿ ಅಡುಗೆ ಎಣ್ಣೆ ಹಾಕಿ ಕಲೆಯ ಮೇಲೆ ಸವರಿ, ಐದು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಹಳದಿ ಹತ್ತಿದರೆ ಕೆಲಸ ಆಗುತ್ತಿದೆ ಎಂದರ್ಥ, ಇನ್ನೊಮ್ಮೆ ಮಾಡಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿಯನ್ನು ಒದ್ದೆ ಬಟ್ಟೆಗೆ ಹಾಕಿ ಜಿಡ್ಡು ತೆಗೆಯಿರಿ. ಗುಂಡಿಗಳ ಸುತ್ತ, ಗಾಳಿ ಕಿಂಡಿಗಳ ಹತ್ತಿರ ಬಟ್ಟೆ ಹಿಂಡಿರಬೇಕು, ನೀರು ಒಳಗೆ ಇಳಿದರೆ ಮೋಟಾರಿಗೆ ಕುತ್ತು.

ಹಳೆಯ ಕಲೆ ಇಷ್ಟಕ್ಕೆ ಬಗ್ಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ 6 ಶೇಕಡಾದ್ದು ಸಿಗುತ್ತದೆ. ಅಷ್ಟೇ ನೀರು ಬೆರೆಸಿ 3 ಶೇಕಡಾ ಮಾಡಿಕೊಳ್ಳಿ. ಕೈಗವಸು ಹಾಕಿಕೊಂಡು, ಟಿಶ್ಯೂ ಕಾಗದವನ್ನು ಅದರಲ್ಲಿ ಅದ್ದಿ, ಹಿಂಡಿ ಕಲೆಯ ಮೇಲೆ ಅಂಟಿಸಿ, ಒಣಗದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದರಿಂದ ಎರಡು ಗಂಟೆ ಬಿಡಿ. ಕಂಪನಿಯ ಹೆಸರಿನ ಮುದ್ರಣದ ಮೇಲೆ ಬೇಡ, ಅದರ ಬಣ್ಣವೂ ಹೋದೀತು. ಪೆರಾಕ್ಸೈಡ್ ಜತೆ ವಿನೆಗರ್ ಬೆರೆಸುವುದೂ ಬೇಡ, ಕಣ್ಣು, ಚರ್ಮ ಸುಡುವ ಬೇರೊಂದು ಆಮ್ಲ ಹುಟ್ಟುತ್ತದೆ.

ಜಾರ್ ಮುಚ್ಚಳಕ್ಕೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ರಬ್ಬರ್ ಬಳೆ ಕಳಚಿ, ಮುಚ್ಚಳವನ್ನು ತೊಳೆದು ಒದ್ದೆ ಇರುವಾಗಲೇ ಎರಡು ಮೂರು ಗಂಟೆ ನೇರ ಬಿಸಿಲಿನಲ್ಲಿಡಿ. ಎರಡು ದಿನ ಮಾಡಿದರೆ ಹಳದಿ ತಾನಾಗಿ ಮಾಯ. ರಬ್ಬರನ್ನು ಬಿಸಿಲಿಗೆ ಇಟ್ಟರೆ ಗಡುಸಾಗಿ ಸೋರತೊಡಗುತ್ತದೆ. ಮಿಕ್ಸಿಯ ಮೈಯನ್ನೂ ಗಂಟೆಗಟ್ಟಲೆ ಬಿಸಿಲಿಗಿಡಬಾರದು, ಆ ಬಿಳಿ ಪ್ಲಾಸ್ಟಿಕ್ ಬಿಸಿಲಿಗೇ ಹಳದಿಯಾಗುವ ಜಾತಿ. ಪಾರದರ್ಶಕ ಮುಚ್ಚಳಕ್ಕೆ ಥಿನ್ನರ್, ನೈಲ್ ಪಾಲಿಶ್ ರಿಮೂವರ್, ಸೀಮೆಎಣ್ಣೆ ತಾಗಿಸಿದರೆ ಜೇಡರ ಬಲೆಯಂಥ ಬಿರುಕು ಬಿಡುತ್ತದೆ.

ಗ್ರೈಂಡರಿನ ಕಲ್ಲು, ಡ್ರಮ್ಮಿಗೆ ಒಣಗಿ ಅಂಟಿದ ದೋಸೆ ಹಿಟ್ಟಿಗೆ ಬಿಸಿನೀರು ಹಾಕುವವರಿದ್ದಾರೆ. ಹಿಟ್ಟು ಬೆಂದು ಗೋಂದಾಗುತ್ತದೆ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಬ್ರಷ್‌ಗೆ ಬರುತ್ತದೆ.

ಬಾಗಿಲ ರಬ್ಬರಿನ ಕಪ್ಪು

ಆ ಕಪ್ಪು ಚುಕ್ಕೆಗಳು ಬೂಷ್ಟು. ರಬ್ಬರಿನ ಮಡಿಕೆಯಲ್ಲಿ ನಿಂತ ನೀರು, ಕರಗದೆ ಉಳಿದ ಸೋಪು, ಕಂಫರ್ಟ್‌ನಂಥ ಮೃದುಕಾರಕದ ಜಿಡ್ಡು ಅದರ ಆಹಾರ. ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕರಗುವುದಿಲ್ಲ, ನಾವು ಇನ್ನೂ ಒಂದು ಚಮಚ ಹೆಚ್ಚು ಹಾಕುತ್ತೇವೆ, ಬೂಷ್ಟಿಗೆ ಊಟ ಹೆಚ್ಚುತ್ತದೆ.

ಮೊದಲು ಮಡಿಕೆಯನ್ನು ಬೆರಳಿನಿಂದ ಹೊರಳಿಸಿ ಕೂದಲು, ನಾರು, ಚಿಲ್ಲರೆ ಕಾಸು ತೆಗೆದು, ಸೋಪುನೀರಿನ ಬಟ್ಟೆಯಲ್ಲಿ ಒರೆಸಿ. ಕೊಳೆಯ ಮೇಲೆಯೇ ಬ್ಲೀಚ್ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚು. 4ರಿಂದ 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಎಂದು ಲೇಬಲ್ ಇರುವ ಬ್ಲೀಚ್ ಒಂದು ಪಾಲಿಗೆ ನಾಲ್ಕು ಪಾಲು ತಣ್ಣೀರು ಬೆರೆಸಿ. ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಹಳೆ ಬನಿಯನ್ನಿನ ಪಟ್ಟಿಗಳನ್ನು ಅದರಲ್ಲಿ ಅದ್ದಿ ಹಿಂಡಿ ಮಡಿಕೆಯೊಳಗೆ ತುರುಕಿ ಅರ್ಧ ಗಂಟೆ ಬಿಡಿ. ಬರೀ ಸಿಂಪಡಿಸಿದರೆ ಕೆಳಗೆ ಹರಿದುಹೋಗುತ್ತದೆ, ಮೇಲಿನ ಚುಕ್ಕೆಗಳಿಗೆ ತಾಗುವಷ್ಟು ಹೊತ್ತು ನಿಲ್ಲುವುದಿಲ್ಲ. ಆಮೇಲೆ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಬಟ್ಟೆ ಹಾಕದೆ ಒಂದು ಸಲ ಮೆಷಿನ್ ಓಡಿಸಿ. ಪಟ್ಟಿ ಡ್ರಮ್ಮಿನ ಸ್ಟೀಲಿಗೆ ತಾಗಿಕೊಂಡು ಒಣಗಲು ಬಿಡಬೇಡಿ, ಬ್ಲೀಚೂ ಸ್ಟೀಲನ್ನು ಗುಳಿ ಬೀಳಿಸುತ್ತದೆ.

ಡ್ರಮ್ಮಿನ ಸುಣ್ಣ ತೆಗೆಯುವುದು ಬೇರೆ ದಿನದ ಕೆಲಸ, ಅದೇ ದಿನ ಖಂಡಿತ ಬೇಡ. ಬ್ಲೀಚ್ ಉಳಿದಿರುವ ಕಡೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಯುಟಿಲಿಟಿಯಲ್ಲಿ ಅದು ಶ್ವಾಸಕೋಶಕ್ಕೆ ನೇರ ಅಪಾಯ. ವಿನೆಗರ್, ನಿಂಬೆ ಉಪ್ಪು, ಟಾಯ್ಲೆಟ್ ಕ್ಲೀನರ್ ಎಲ್ಲಕ್ಕೂ ಈ ಮಾತು ಅನ್ವಯ. ಇನ್ನೊಂದು ದಿನ ಖಾಲಿ ಡ್ರಮ್ಮಿಗೆ 100 ಗ್ರಾಂ ನಿಂಬೆ ಉಪ್ಪು ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ವರ್ಷಕ್ಕೆ ಎರಡು ಮೂರು ಸಲ ಸಾಕು. ತಿಂಗಳು ತಿಂಗಳೂ ಆಮ್ಲ ಕುಡಿಸಿದರೆ ರಬ್ಬರಿಗೂ ಡ್ರಮ್ಮಿನ ಹಿಂದಿನ ಅಲ್ಯೂಮಿನಿಯಂ ಭಾಗಕ್ಕೂ ಒಳ್ಳೆಯದಲ್ಲ. ಕೆಳಮೂಲೆಯ ಸಣ್ಣ ಬಾಗಿಲಿನ ಹಿಂದಿರುವ ಪಂಪ್ ಫಿಲ್ಟರನ್ನೂ ತಿರುಗಿಸಿ ತೆಗೆದು ತೊಳೆಯಿರಿ, ಕೆಳಗೊಂದು ತಟ್ಟೆ ಇಟ್ಟುಕೊಳ್ಳಿ, ಒಂದಿಷ್ಟು ಗಬ್ಬು ನೀರು ಸುರಿಯುತ್ತದೆ.

ಎರಡು ಸಲ ಮಾಡಿದರೂ ಉಳಿದ ಚುಕ್ಕೆ ರಬ್ಬರಿನ ಒಳಕ್ಕೇ ಇಳಿದಿದೆ. ಕಣ್ಣಿಗೆ ಕಂಡರೂ ಅದು ಸತ್ತ ಬೂಷ್ಟಿನ ಗುರುತು, ಬಟ್ಟೆಗೆ ಹತ್ತುವುದಿಲ್ಲ. ರಬ್ಬರ್ ಬದಲಿಸುವುದೊಂದೇ ದಾರಿ, ಬದಲಿಸದೆಯೂ ಇರಬಹುದು. ಪ್ರತಿ ಸಲ ಒಗೆದಾದ ಮೇಲೆ ಮಡಿಕೆ ಒರೆಸಿ, ಬಾಗಿಲು ಓರೆ ಮಾಡಿಟ್ಟರೆ ಹೊಸದು ಹುಟ್ಟುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಮಾತ್ರ ಬಾಗಿಲು ತೆರೆದಿಡುವಾಗ ಎಚ್ಚರ ಬೇಕು.

ಫ್ರಿಜ್ ಬಾಗಿಲಿನ ರಬ್ಬರಿನಲ್ಲೂ ಇದೇ ಬೂಷ್ಟು ಬರುತ್ತದೆ. ಅಲ್ಲಿ ಆಹಾರ ಇರುವುದರಿಂದ ಬ್ಲೀಚ್ ಬೇಡ. ಬೆಚ್ಚನೆ ಸೋಪುನೀರು, ಹಳೆ ಟೂತ್‌ಬ್ರಷ್, ಆಮೇಲೆ ಬರೀ ವಿನೆಗರ್ ಒರೆಸಿ ಒಣಗಿಸಿದರೆ ಆಯಿತು.

ಒಲೆಯ ಗಾಜು, ಬರ್ನರ್, ಚಿಮಣಿ

ಸಿಲಿಂಡರಿನ ರೆಗ್ಯುಲೇಟರ್ ಆರಿಸಿ, ಗಾಜು ಪೂರ್ತಿ ತಣ್ಣಗಾಗಲಿ. ಬಿಸಿ ಗಾಜಿಗೆ ಒದ್ದೆ ಬಟ್ಟೆ ಹಾಕಿದರೆ ಸೀಳಬಹುದು. ಸುಟ್ಟ ಹಾಲಿನ ಉಂಗುರದ ಮೇಲೆ ಅಡುಗೆ ಸೋಡಾ ಉದುರಿಸಿ, ಬಿಸಿನೀರಿನಲ್ಲಿ ಅದ್ದಿ ಅರೆ ಹಿಂಡಿದ ಬಟ್ಟೆಯನ್ನು ಅರ್ಧ ಗಂಟೆ ಹೊದಿಸಿಡಿ. ಉಜ್ಜುವ ಬಲಕ್ಕಿಂತ ಈ ಅರ್ಧ ಗಂಟೆಯ ನೆನೆತವೇ ಮುಖ್ಯ. ಆಮೇಲೂ ಉಳಿದದ್ದನ್ನು ಗಾಜು ಒದ್ದೆಯಿರುವಾಗಲೇ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆಯಿರಿ. ಚಾಕು, ಸ್ಟೀಲ್ ಸ್ಕ್ರಬ್ಬರ್, ರಂಗೋಲಿ ಪುಡಿ ಬೇಡ. ಕಠಿಣಗೊಳಿಸಿದ ಗಾಜಿಗೆ ಆಳವಾದ ಗೀರು ಬಿದ್ದರೆ ಮುಂದೊಂದು ದಿನ ಬಿಸಿಗೆ ಅಲ್ಲಿಂದಲೇ ಚೂರಾಗಬಹುದು.

ಬರ್ನರ್ ಹಿತ್ತಾಳೆಯದಾದರೆ ಹುಣಸೆ ನೀರಿನಲ್ಲಿ ಅರ್ಧ ಗಂಟೆ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ತೂತಿನಲ್ಲಿ ನೀರುಳಿದರೆ ಉರಿ ಪಟಪಟ ಎನ್ನುತ್ತದೆ, ಹಳದಿಯಾಗುತ್ತದೆ. ಕೈಗೆ ಹಗುರವಾಗಿ, ಬೂದು ಬಣ್ಣದ್ದಾಗಿದ್ದರೆ ಅದು ಅಲ್ಯೂಮಿನಿಯಂ. ಅದಕ್ಕೆ ವಾಷಿಂಗ್ ಸೋಡಾ ತಾಗಿಸಿದರೆ ಕಪ್ಪಾಗುವುದಷ್ಟೇ ಅಲ್ಲ, ಲೋಹವೇ ಸವೆಯುತ್ತದೆ. ಚಿಮಣಿ ಫಿಲ್ಟರಿಗೂ ಇದೇ ನಿಯಮ. ಸ್ಟೀಲ್ ಬ್ಯಾಫಲ್, ಅಂದರೆ ಬಾಗಿಸಿದ ಪಟ್ಟಿಗಳ ಫಿಲ್ಟರ್ ಆದರೆ ಐದು ಲೀಟರ್ ಬಿಸಿನೀರಿಗೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ, ಸ್ವಲ್ಪ ಪಾತ್ರೆ ಲಿಕ್ವಿಡ್ ಹಾಕಿ ಒಂದು ಗಂಟೆ ಮುಳುಗಿಸಿ. ಒಗ್ಗರಣೆಯ ಎಣ್ಣೆ ಒಣಗಿ ವಾರ್ನಿಶ್‌ನಂತೆ ಗಟ್ಟಿಯಾಗಿರುತ್ತದೆ, ಅಡುಗೆ ಸೋಡಾದ ಸೌಮ್ಯ ಕ್ಷಾರಕ್ಕೆ ಅದು ಬಿಡುವುದಿಲ್ಲ. ಅಲ್ಯೂಮಿನಿಯಂ ಜಾಲರಿಯಾದರೆ ಬಿಸಿನೀರು ಮತ್ತು ಲಿಕ್ವಿಡ್ ಮಾತ್ರ, ಎರಡು ಸಲ.

ಮೈಕ್ರೋವೇವ್ ಇದ್ದರೆ ಒಂದು ಮಾತು: ಬೋಗುಣಿಯಲ್ಲಿ ಒಂದು ಲೋಟ ನೀರು, ಅರ್ಧ ನಿಂಬೆಹಣ್ಣು, ನೀರು ಏಕಾಏಕಿ ಉಕ್ಕದಂತೆ ಒಂದು ಮರದ ಚಮಚ ಇಟ್ಟು ಮೂರು ನಿಮಿಷ ಓಡಿಸಿ, ಐದು ನಿಮಿಷ ಬಾಗಿಲು ತೆಗೆಯದೆ ಬಿಟ್ಟು ಒರೆಸಿ. ಒಳಗೋಡೆಯಲ್ಲಿ ಅಂಟಿಸಿದ ರಟ್ಟಿನಂಥ ಬೂದು ಹಾಳೆ ಕೊಳೆಯಲ್ಲ, ಮೈಕಾ. ಅದನ್ನು ಕೀಳಬೇಡಿ, ನೆನೆಸಬೇಡಿ. ಎಣ್ಣೆ ಹೀರಿ ಕರಕಲಾಗಿದ್ದರೆ ಕಿಡಿ ಹಾರುತ್ತದೆ, ಹೊಸದು ಹಾಕಿಸಿ.

ಕಲೆಯಂತೆ ಕಂಡರೂ ಕಲೆಯಲ್ಲದವು

ಹತ್ತು ವರ್ಷದ ಫ್ರಿಜ್ಜಿನ ಬಿಳಿ ಹಿಡಿಕೆ ಕೆನೆಬಣ್ಣಕ್ಕೆ ತಿರುಗಿದ್ದರೆ ಅದು ಪ್ಲಾಸ್ಟಿಕ್ಕಿನ ವಯಸ್ಸು, ಉಜ್ಜಿ ಸುಸ್ತಾಗಬೇಡಿ. ಗೀಸರ್, ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಪಿನ್ನುಗಳ ಬುಡದಲ್ಲಿ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಕಂಡರೆ ಅದನ್ನು ಒರೆಸಲು ಹೋಗಲೇಬೇಡಿ. ಸಡಿಲ ಸಂಪರ್ಕದಿಂದ ಅಲ್ಲಿ ಬಿಸಿಯಾಗಿ ಪ್ಲಾಸ್ಟಿಕ್ ಸುಡುತ್ತಿದೆ. ಬಳಸುವುದನ್ನು ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಮತ್ತು ಪ್ಲಗ್ ಎರಡನ್ನೂ ಬದಲಿಸಿ.

ಮಿಕ್ಸಿ ವಿಷಯಕ್ಕೆ ಬಂದಿರುವುದರಿಂದ ಇದನ್ನೂ ನೋಡಿ. ಜಾರ್ ಕೂರುವ ಜಾಗದಲ್ಲಿ, ಜಾರಿನ ಬ್ಲೇಡನ್ನು ತಿರುಗಿಸುವ ಕಪ್ಲರ್ ಸುತ್ತ, ಒರೆಸಿದರೂ ಮತ್ತೆ ಮತ್ತೆ ಕಪ್ಪು ಜಿಡ್ಡು ಕಾಣುತ್ತಿದ್ದರೆ ಜಾರಿನ ತಳದ ಬುಷ್, ಅಂದರೆ ಬ್ಲೇಡಿನ ದಂಡ ತಿರುಗುವ ಬಳೆ, ಸವೆದಿರಬಹುದು. ಅರ್ಧ ಜಾರ್ ನೀರು ತುಂಬಿ ಹತ್ತು ನಿಮಿಷ ಪೇಪರ್ ಮೇಲಿಡಿ. ಪೇಪರ್ ಒದ್ದೆಯಾದರೆ ಆ ಜಾರನ್ನು ರಿಪೇರಿಗೆ ಕೊಟ್ಟು ಬುಷ್, ವಾಷರ್ ಹಾಕಿಸುವವರೆಗೆ ಅದರಲ್ಲಿ ಚಟ್ನಿ ರುಬ್ಬಬೇಡಿ. ಸೋರಿದ್ದು ಮೋಟಾರಿಗೂ ಇಳಿಯುತ್ತದೆ, ಅಲ್ಲಿನ ಕಪ್ಪು ಚಟ್ನಿಗೂ ಸೇರುತ್ತದೆ.